ಶ್ರೀರಂಗಪಟ್ಟಣದ ದಾರಿ ಹಿಡಿದು ಸ್ಕಾಟ್ಲೆಂಡಿಗೆ

ನಮ್ಮ ಮೊದಲ ಪ್ಲಾನ್ ಒಂದೇ ಹಾಳೆಯಲ್ಲಿತ್ತು. ಒಂಬತ್ತು ದಿನ, ಏಳು ಗಾಲ್ಫ್ ಕೋರ್ಸ್, ಐದು ಹೋಟೆಲ್, ಒಂದು ವ್ಯಾನ್. ನಾನು, ನನ್ನ ಗೆಳೆಯ ಇಬ್ಬರೂ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗೆ, ರೇಸ್ ಕೋರ್ಸಿನ ಗಾಲ್ಫ್ ಮೈದಾನದಲ್ಲಿ ಹದಿನೈದು ವರ್ಷದಿಂದ ಜೊತೆಗೆ ಆಡುತ್ತಿದ್ದೇವೆ. ರಿಟೈರ್ ಆದ ಮೇಲೆ ಒಂದು ಸಲ ಈ ಆಟ ಹುಟ್ಟಿದ ನೆಲ ನೋಡಿ ಬರಬೇಕು ಎಂದು ದುಡ್ಡು ಕೂಡಿಡುತ್ತಾ ಬಂದಿದ್ದೆವು. ಒಂದು ಟ್ರಾವೆಲ್ ಏಜೆನ್ಸಿಯವರು ಆ ಹಾಳೆ ಮಾಡಿಕೊಟ್ಟರು. ನಾವು ಮುಂಗಡವನ್ನೂ ಕೊಟ್ಟೆವು.

ಆ ವಾರ ಮಂಡ್ಯದಿಂದ ಅಕ್ಕ ಬಂದಿದ್ದಳು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು. ಕಾಫಿ ಕುಡಿಯುತ್ತಾ ಹಾಳೆಯನ್ನು ಎರಡು ಸಲ ಓದಿದಳು.

"ಇದರಲ್ಲಿ ಸ್ಕಾಟ್ಲೆಂಡ್ ಎಲ್ಲಿದೆಯೋ? ಬರೀ ಹುಲ್ಲಿದೆ" ಅಂದಳು. "ಬೇರ್ಡ್ ಹುಟ್ಟಿದ ನಾಡಿಗೆ ಹೋಗ್ತಿದ್ದೀಯ. ಅವನ ಹೆಸರೇ ಇಲ್ವಲ್ಲೋ."

ಬೇರ್ಡ್ ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬೈಲಿ ಡಂಜನ್ ಎಂಬ ಸೆರೆಮನೆ ಇದೆ. ಸ್ಕೂಲ್ ಟ್ರಿಪ್‌ನಲ್ಲಿ ಅದನ್ನು ನೋಡದ ಮೈಸೂರು ಹುಡುಗರು ಕಡಿಮೆ. ಕೈದಿಗಳನ್ನು ಕಟ್ಟಲು ತೂತು ಕೊರೆದ ಕಲ್ಲುಗಳು ಅಲ್ಲಿವೆ. ಹೊರಗಿನ ಬೋರ್ಡಿನಲ್ಲಿ ಕೈದಿಗಳ ಹೆಸರುಗಳ ನಡುವೆ ಕ್ಯಾಪ್ಟನ್ ಬೇರ್ಡ್ ಹೆಸರೂ ಇದೆ. 1780ರಲ್ಲಿ ಪೊಲ್ಲಿಲೂರು ಯುದ್ಧದಲ್ಲಿ ಹೈದರಾಲಿ, ಟಿಪ್ಪು ಇಬ್ಬರೂ ಸೇರಿ ಕಂಪನಿ ಸೈನ್ಯವನ್ನು ಮುರಿದರಲ್ಲ, ಆಗ ಸೆರೆಸಿಕ್ಕವನು. 44 ತಿಂಗಳು ಶ್ರೀರಂಗಪಟ್ಟಣದಲ್ಲಿ ಕೈದಿಯಾಗಿದ್ದ. ಆಮೇಲೆ 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಗೆ ಅವನೇ ಮುಂದಾಳು. ಟಿಪ್ಪು ಸತ್ತ ದಿನ ಅದು.

ಅಕ್ಕ ಅವತ್ತು ರಾತ್ರಿ ನಮ್ಮ ಮನೆಯಲ್ಲೇ ಉಳಿದಳು. ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಬೇರ್ಡ್‌ನ ಊರುಗಳನ್ನು ಒಂದೊಂದಾಗಿ ಬರೆದಳು. ಹುಟ್ಟಿದ್ದು 1757ರಲ್ಲಿ, ಎಡಿನ್‌ಬರಾ ಪಕ್ಕದ ಈಸ್ಟ್ ಲೋಥಿಯನ್ ಸೀಮೆಯ ನ್ಯೂಬಿತ್‌ನಲ್ಲಿ. ಸತ್ತಿದ್ದು 1829ರಲ್ಲಿ, ಪರ್ತ್‌ಷೈರಿನ ಕ್ರೀಫ್ ಎಂಬ ಊರಿನ ಹತ್ತಿರ, ಹೆಂಡತಿಯ ಆಸ್ತಿಯಾಗಿದ್ದ ಫರ್ನ್‌ಟವರ್ ಎಸ್ಟೇಟಿನಲ್ಲಿ.

"ಫರ್ನ್‌ಟವರಾ?" ಅಂದೆ. ಆ ಹೆಸರು ನನಗೆ ಗೊತ್ತಿತ್ತು. ಕ್ರೀಫ್ ಗಾಲ್ಫ್ ಕ್ಲಬ್ಬಿನ ಹದಿನೆಂಟು ಹೋಲಿನ ಕೋರ್ಸಿನ ಹೆಸರೇ ಫರ್ನ್‌ಟವರ್. ಅದು ಇರುವುದು ಆ ಎಸ್ಟೇಟಿನ ನೆಲದ ಮೇಲೆ. ನಮ್ಮ ಶ್ರೀರಂಗಪಟ್ಟಣದ ಕೈದಿ ಕಡೆಗಾಲ ಕಳೆದ ಜಾಗದಲ್ಲಿ ಈಗ ಜನ ಗಾಲ್ಫ್ ಆಡುತ್ತಾರೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಎದ್ದು ಗೆಳೆಯನಿಗೆ ಫೋನ್ ಮಾಡಿದೆ. ಪ್ಲಾನ್ ಪೂರ್ತಿ ಬದಲಾಗಬೇಕು, ಅಕ್ಕನೂ ಬರ್ತಾಳೆ ಅಂದೆ.

ಹಾಳೆಯನ್ನು ಮತ್ತೆ ಓದಿದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಗಾಲ್ಫಿನಲ್ಲಿ ಪ್ರಪಂಚದಲ್ಲೇ ಹೆಸರಾದ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿಗೆ ಏಜೆನ್ಸಿಯವರು ಭಾನುವಾರ ಹಾಕಿದ್ದರು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವೇ ಇಲ್ಲ! ಕೇಳಿದರೆ "ಅಡ್ಜಸ್ಟ್ ಮಾಡ್ತೀವಿ ಸರ್" ಅಂದರು. ಕ್ಯಾನ್ಸಲ್ ಮಾಡಿಸಿದೆವು. ಮುಂಗಡದಲ್ಲಿ ಸ್ವಲ್ಪ ಕಳೆದುಕೊಂಡೆವು. ಹೋಗಲಿ ಅಂತ ಬಿಟ್ಟೆವು.

ಅದು ಸೆಪ್ಟೆಂಬರ್. ಹೊರಡುವುದು ಜೂನ್ ಎಂದು ಗೊತ್ತುಮಾಡಿಕೊಂಡೆವು. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕು ಇರುತ್ತದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡ ಮೇಲೆ ನಮ್ಮ ಅರ್ಧ ಕಷ್ಟ ಕಳೆಯಿತು. ಬೆಳಿಗ್ಗೆಯಿಂದ ಮೂರರವರೆಗೆ ಅಕ್ಕನ ಜೊತೆ ಕೋಟೆ, ಚರ್ಚು, ಮ್ಯೂಸಿಯಂ. ನಾಲ್ಕರ ಮೇಲೆ ನಮ್ಮ ಆಟ. ತುಂಬಾ ಕೋರ್ಸುಗಳಲ್ಲಿ ಸಂಜೆಯ ಫೀ ಕಡಿಮೆ ಕೂಡ. ಗಾಲ್ಫಿಗೆ ಹೋಗುವವರು ಬೆಳಗಿನ ಹೊತ್ತಿಗೇ ಜೋತುಬೀಳುತ್ತಾರೆ. ನಮ್ಮೂರಿನ ಬಿಸಿಲಿಗೆ ಅದು ಸರಿ. ಅಲ್ಲಿ ಅದರ ಅಗತ್ಯವೇ ಇಲ್ಲ.

ವ್ಯಾನ್ ಬಿಟ್ಟೆವು. ರೈಲು, ಬಸ್ಸು ಸಾಕು ಎಂದು ತೀರ್ಮಾನಿಸಿದೆವು. ಅದಕ್ಕೆ ಗಾಲ್ಫ್ ಬ್ಯಾಗು ಅಡ್ಡ. ಮೂರು ಸಂಜೆ ಇದೇ ಚರ್ಚೆ ನಡೆಯಿತು. ಕೊನೆಗೆ ತಲಾ ಚೆಂಡನ್ನು ಎತ್ತಿ ಹೊಡೆಯುವ ವೆಜ್ ಎಂಬ ಕೋಲು ಒಂದು, ನೆಲದ ಮೇಲೆ ಉರುಳಿಸುವ ಪಟರ್ ಒಂದು, ಶೂ, ಒಳ್ಳೆಯ ಮಳೆ ಜಾಕೆಟ್ ಇಷ್ಟೇ ಒಯ್ಯುವುದು, ಉಳಿದದ್ದು ಅಲ್ಲೇ ಬಾಡಿಗೆಗೆ ಎಂದಾಯಿತು. ದೂರ ಹೊಡೆಯುವ ಕೋಲು, ನನ್ನ ಡ್ರೈವರ್, ಅದನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಆದರೆ ರೈಲು ಬದಲಾಯಿಸುವಾಗಲೆಲ್ಲ ಹದಿನೈದು ಕೆಜಿ ಹೊರೆ ಎಳೆಯುವ ಯೋಚನೆಯೇ ಸಾಕಾಯಿತು.

ಊರುಗಳನ್ನು ಆರಿಸಿದ್ದು ಅಕ್ಕ. ಅವಳ ಹತ್ತಿರ ಎರಡು ದಾರ ಇದ್ದವು. ಒಂದು ಬೇರ್ಡ್. ಇನ್ನೊಂದನ್ನು ಅವಳು ಹುಡುಕಿದ್ದು ನನಗೋಸ್ಕರ. ಗಾಲ್ಫಿನ ಇತಿಹಾಸ ಓದುತ್ತಾ ಅವಳಿಗೆ ಜಾನ್ ರ್‍ಯಾಟ್ರೆ ಎಂಬ ಡಾಕ್ಟರ್ ಸಿಕ್ಕಿದ. 1744ರಲ್ಲಿ ಎಡಿನ್‌ಬರಾದ ಲೀತ್ ಮೈದಾನದಲ್ಲಿ ನಗರದವರು ಕೊಟ್ಟ ಬೆಳ್ಳಿಯ ಗಾಲ್ಫ್ ಕೋಲಿಗಾಗಿ ಪಂದ್ಯ ನಡೆಯಿತು. ಅದಕ್ಕಾಗಿ ಬರೆದ 13 ನಿಯಮಗಳೇ ಗಾಲ್ಫಿನಲ್ಲಿ ನಮಗೆ ಸಿಗುವ ಮೊದಲ ಲಿಖಿತ ನಿಯಮಗಳು. ಗೆದ್ದವನು ರ್‍ಯಾಟ್ರೆ. ನಿಯಮಗಳ ಕೆಳಗೆ ಸಹಿ ಹಾಕಿದವನೂ ಅವನೇ. ಮರುವರ್ಷ ಬ್ರಿಟನ್ನಿನ ಗದ್ದುಗೆ ತನ್ನ ಮನೆತನಕ್ಕೆ ಸೇರಬೇಕೆಂದು ಬಾನಿ ಪ್ರಿನ್ಸ್ ಚಾರ್ಲಿ ದಂಡೆತ್ತಿ ಬಂದಾಗ ಇವನು ಅವನ ಪಾಳೆಯ ಸೇರಿ ಗಾಯಾಳುಗಳನ್ನು ನೋಡಿಕೊಂಡ. 1746ರ ಏಪ್ರಿಲ್ 16ರಂದು ಕಲ್ಲೋಡನ್‌ನಲ್ಲಿ ಚಾರ್ಲಿಯ ಸೈನ್ಯ ಒಂದು ಗಂಟೆಯೊಳಗೆ ನೆಲಕಚ್ಚಿತು. ರ್‍ಯಾಟ್ರೆ ಸೆರೆಸಿಕ್ಕ. ಅವನನ್ನು ಬಿಡಿಸಿದವನು ಎದುರು ಪಕ್ಷದ ದೊಡ್ಡ ನ್ಯಾಯಾಧೀಶ ಡಂಕನ್ ಫೋರ್ಬ್ಸ್. ಇಬ್ಬರೂ ಲೀತ್‌ನಲ್ಲಿ ಒಟ್ಟಿಗೆ ಗಾಲ್ಫ್ ಆಡಿದವರು!

ಹೀಗೆ ಲೀತ್‌ನಿಂದ ಕಲ್ಲೋಡನ್‌ಗೆ ಒಂದು ದಾರಿ ಆಯಿತು. ಎಡಿನ್‌ಬರಾದಲ್ಲಿ ನಾಲ್ಕು ರಾತ್ರಿ, ಸೇಂಟ್ ಆಂಡ್ರೂಸ್‌ನಲ್ಲಿ ನಾಲ್ಕು, ಇನ್ವರ್ನೆಸ್‌ನಲ್ಲಿ ಎರಡು, ವಾಪಸ್ ಬರುವಾಗ ಕ್ರೀಫ್‌ನಲ್ಲಿ ಎರಡು. ಪಶ್ಚಿಮ ತೀರವನ್ನು ಪೂರ್ತಿ ಬಿಟ್ಟೆವು. ಅಲ್ಲಿನ ಪ್ರೆಸ್ಟ್‌ವಿಕ್‌ನಲ್ಲೇ 1860ರಲ್ಲಿ ಎಂಟು ಜನ ಆಡಿದ ಮೊದಲ ಓಪನ್ ಪಂದ್ಯ ನಡೆದದ್ದು. ಗೆಳೆಯನಿಗೆ ಬೇಜಾರಾಯಿತು. ಉತ್ತರದ ಡಾರ್ನಾಕ್ ಕೋರ್ಸ್ ಬಿಟ್ಟದ್ದು ನನಗೆ ಬೇಜಾರು. ಬಿಡದಿದ್ದರೆ ಮತ್ತೆ ಆ ಒಂದು ಹಾಳೆಯ ಪ್ಲಾನೇ ಆಗುತ್ತಿತ್ತು.

ವೀಸಾ ಕೆಲಸ ಸುಲಭವಾಗಿ ಮುಗಿಯಿತು. ಮೂವರ ಪೆನ್ಷನ್ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ರೂಮ್ ಬುಕಿಂಗ್, ಬೆರಳಚ್ಚು. ಅಷ್ಟೇ. ಓಲ್ಡ್ ಕೋರ್ಸಿನದೇ ನಿಜವಾದ ತಲೆನೋವು. ಜೂನ್‌ನಲ್ಲಿ ಒಬ್ಬರಿಗೆ 300 ಪೌಂಡಿಗಿಂತ ಜಾಸ್ತಿ ಫೀ. ಅಷ್ಟು ಕೊಡಲು ತಯಾರಿದ್ದರೂ ಜಾಗ ಸಿಗಬೇಕಲ್ಲ. ಹಿಂದಿನ ವರ್ಷವೇ ಅರ್ಜಿ ಹಾಕಿದೆವು, ಸಿಗಲಿಲ್ಲ. ಇನ್ನು ಉಳಿದದ್ದು ಬ್ಯಾಲಟ್. ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಕನಿಷ್ಠ ಇಬ್ಬರು ಇರಬೇಕು. ಆಟಗಾರನ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ದಾಖಲೆ ಕೈಯಲ್ಲಿರಬೇಕು. ನಮ್ಮ ಕ್ಲಬ್ಬಿನಿಂದ ಆ ಪತ್ರ ಮುಂಚೆಯೇ ಮಾಡಿಸಿಟ್ಟುಕೊಂಡೆವು. ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಎಡಿನ್‌ಬರಾಕ್ಕೆ ಇಳಿದ ದಿನ ಸಂಜೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್‌ಗೆ ಹೋದೆವು. ಊರ ನಡುವಿನ ಹುಲ್ಲುಗಾವಲು. ಚಿಕ್ಕ ಚಿಕ್ಕ ಹೋಲುಗಳು. ದುಡ್ಡು ಇಲ್ಲ, ಬುಕಿಂಗ್ ಇಲ್ಲ. ಒಂದು ಕಡೆ ಕಾಲೇಜು ಹುಡುಗರು ಮಲಗಿದ್ದರು, ಇನ್ನೊಂದು ಕಡೆ ಅಜ್ಜ ಮೊಮ್ಮಗ ಆಡುತ್ತಿದ್ದರು. ನಮ್ಮ ವೆಜ್, ಪಟರ್ ಇಲ್ಲಿಗೆ ಸರಿಹೋಯಿತು. ವಿಮಾನದ ದಣಿವು ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಲೀತ್‌ನಲ್ಲಿ ಈಗ ಗಾಲ್ಫ್ ಇಲ್ಲ. ಅದೊಂದು ಪಾರ್ಕು. 2019ರಲ್ಲಿ ಅಲ್ಲಿ ನಿಲ್ಲಿಸಿದ ರ್‍ಯಾಟ್ರೆಯ ಪ್ರತಿಮೆ ಇದೆ. ಅಕ್ಕ 13 ನಿಯಮಗಳನ್ನು ಕನ್ನಡಕ್ಕೆ ಮಾಡಿಕೊಂಡು ಬಂದಿದ್ದಳು. ಪ್ರತಿಮೆಯ ಮುಂದೆ ನಿಂತು ಓದಿದಳು. ಚೆಂಡನ್ನು ಮನುಷ್ಯ, ಕುದುರೆ, ನಾಯಿ ಯಾವುದು ತಡೆದರೂ ಅದು ನಿಂತ ಜಾಗದಿಂದಲೇ ಹೊಡೆಯಬೇಕು ಎಂಬ ನಿಯಮ ಬಂದಾಗ ನಾನೂ ಗೆಳೆಯನೂ ಜೋರಾಗಿ ನಕ್ಕೆವು. ರೇಸ್ ಕೋರ್ಸಿನಲ್ಲಿ ಆಡುವ ನಮಗೆ ಕುದುರೆ ಹೊಸದಲ್ಲವಲ್ಲ.

ಮರುದಿನ ಬಸ್ಸಿನಲ್ಲಿ ಮಸಲ್‌ಬರಾಗೆ. ನಮ್ಮ ಮೈಸೂರಿನ ಹಾಗೇ ಇಲ್ಲೂ ಗಾಲ್ಫ್ ಮೈದಾನ ಇರುವುದು ರೇಸ್ ಕೋರ್ಸಿನ ಒಳಗೆ. ರೇಸ್ ದಿನ ಆಟ ಇರುವುದಿಲ್ಲ, ಅದಕ್ಕೆ ಮೊದಲೇ ರೇಸ್ ಕ್ಯಾಲೆಂಡರ್ ನೋಡಿಕೊಂಡಿದ್ದೆವು. ಒಂಬತ್ತೇ ಹೋಲು. 1672ರಲ್ಲಿ ಇಲ್ಲಿ ಗಾಲ್ಫ್ ಆಡಿದ ದಾಖಲೆ ಇದೆ. ಇವತ್ತು ಪ್ರಪಂಚದಲ್ಲೆಲ್ಲ ಹೋಲಿನ ಅಗಲ ನಾಲ್ಕೂಕಾಲು ಇಂಚು. ಆ ಅಳತೆ ಇಲ್ಲಿ 1829ರಲ್ಲಿ ಮಾಡಿಸಿದ ಹೋಲು ಕೊರೆಯುವ ಸಾಧನದಿಂದ ಬಂದದ್ದು. ಹಳೆಯ ಕಾಲದ ಹಿಕರಿ ಮರದ ಕೋಲುಗಳು ಬಾಡಿಗೆಗೆ ಸಿಗುತ್ತವೆ. ಅದರಲ್ಲೇ ಆಡಿದೆವು. ಕೋಲು ಕೈಯಲ್ಲಿ ಬಳುಕುತ್ತದೆ. ಅವಸರ ಮಾಡಿದರೆ ಚೆಂಡು ಹತ್ತು ಗಜ ಹೋಗುವುದಿಲ್ಲ. ತಾಳ್ಮೆಯಿಂದ ಬೀಸಿದರೆ ಬರುವ ಸದ್ದು ಇದೆಯಲ್ಲ, ಅದು ನನ್ನ ಲೋಹದ ಕ್ಲಬ್ಬಿನಲ್ಲಿ ಯಾವತ್ತೂ ಬಂದಿಲ್ಲ.

ಅಕ್ಕನಿಗೆ ಇಲ್ಲಿ ಹಿಡಿಸಿದ್ದು ಬೇರೆ ಕತೆ. 1810ರ ಕೊನೆಯಲ್ಲಿ ಇಲ್ಲಿನ ಗಾಲ್ಫ್ ಕ್ಲಬ್ಬಿನವರು ಮೀನು ಮಾರುವ ಹೆಂಗಸರಿಗೆ ಒಂದು ಪಂದ್ಯ ಇಟ್ಟರು. ಹೊಸ ವರ್ಷದ ದಿನ ಆಟ. ಗೆದ್ದವಳಿಗೆ ಒಂದು ಮೀನಿನ ಬುಟ್ಟಿ, ಒಂದು ಶಾಲು. "ಬುಟ್ಟಿ ಕೊಟ್ಟಿದ್ದಾರೆ ನೋಡು. ಅವಳಿಗೆ ಏನು ಬೇಕೋ ಅದನ್ನೇ" ಅಂದಳು. ಅದೇ ಊರಿನ ಪಕ್ಕದ ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ 1745ರ ಸೆಪ್ಟೆಂಬರಿನಲ್ಲಿ ಚಾರ್ಲಿ ತನ್ನ ಮೊದಲ ದೊಡ್ಡ ಯುದ್ಧ ಗೆದ್ದದ್ದು. ಇನ್ನೂ ಸ್ವಲ್ಪ ಮುಂದೆ ಬೇರ್ಡ್ ಹುಟ್ಟಿದ ಜಾಗ. ಆ ದಿಕ್ಕಿನಲ್ಲೇ ರೈಲು ಹಿಡಿದು ನಾರ್ತ್ ಬೆರಿಕ್‌ಗೆ ಹೋಗಿ ಒಂದು ಸಂಜೆ ಆಡಿದೆವು. ಅಲ್ಲಿ ಕೋರ್ಸಿಗೆ ಅಡ್ಡವಾಗಿ ಹಳೆಯ ಕಲ್ಲುಗೋಡೆಗಳಿವೆ. ಯಾರೂ ಕೆಡವಿಲ್ಲ. ಚೆಂಡನ್ನು ಅದರ ಮೇಲಿಂದಲೇ ದಾಟಿಸಬೇಕು.

ಸೇಂಟ್ ಆಂಡ್ರೂಸ್‌ಗೆ ಗುರುವಾರ ಮುಟ್ಟಿದೆವು. ಶನಿವಾರದ ಆಟಕ್ಕೆ ಬ್ಯಾಲಟ್ ಹಾಕಿದೆವು, ಬರಲಿಲ್ಲ. ಸೋಮವಾರಕ್ಕೆ ಹಾಕಿದೆವು, ಅದೂ ಇಲ್ಲ. ಗೆಳೆಯ ಮುಖ ಸಣ್ಣ ಮಾಡಿಕೊಂಡು ಕೂತ. ನನಗೂ ಸಂಕಟವಾಯಿತು. ಪಕ್ಕದ ನ್ಯೂ ಕೋರ್ಸಿನಲ್ಲಿ ಆಡಿದೆವು. ಹೆಸರಿಗೆ ನ್ಯೂ, ಶುರುವಾದದ್ದು 1895ರಲ್ಲಿ. ಅವತ್ತು ಸಮುದ್ರದಿಂದ ಹಾರ್ ಎಂಬ ಮಂಜು ಬಂದು ಆರು ಹೋಲು ಪೂರ್ತಿ ಏನೂ ಕಾಣದೆ ಆಡಿದೆವು. ಬ್ಯಾಗು ಹೊತ್ತು ಜೊತೆಗೆ ಬಂದ ಕ್ಯಾಡಿ ಕೈ ತೋರಿಸಿದ ಕಡೆ ಹೊಡೆಯುವುದು, ಸದ್ದು ಕೇಳುವುದು, ನಡೆಯುವುದು.

ಓಲ್ಡ್ ಕೋರ್ಸನ್ನು ನಾನು ತಿಳಿದುಕೊಂಡದ್ದು ಭಾನುವಾರ. ಆಟ ಇಲ್ಲದ ಆ ದಿನ ಅದು ಊರಿನವರ ಪಾರ್ಕು. ಮಕ್ಕಳು, ನಾಯಿಗಳು, ತಳ್ಳುಗಾಡಿಯಲ್ಲಿ ಕೂಸುಗಳು. ಮೂವರೂ ಮೊದಲ ಹೋಲಿನಿಂದ ಹಿಡಿದು ಸುಮ್ನೆ ನಡೆದೆವು. ಸ್ವಿಲ್ಕನ್ ಹಳ್ಳದ ಪುಟ್ಟ ಕಲ್ಲುಸೇತುವೆ ಮೇಲೆ ನಿಂತೆವು. ಹೆಲ್ ಬಂಕರ್ ಎಂಬ ಮರಳುಗುಂಡಿಗೆ ಇಳಿಯದೆ ಅಂಚಿನಲ್ಲಿ ನಿಂತು ನೋಡಿದೆವು. ಅಕ್ಕ ನಡೆಯುತ್ತಾ ಈ ನೆಲದ ಕತೆ ಹೇಳಿದಳು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್‌ಗೆ ಇಲ್ಲಿ ಮೊಲ ಸಾಕುವ ಹಕ್ಕು ಸಿಕ್ಕಿತು. ಅದೇ ಪತ್ರದಲ್ಲಿ ಊರಿನವರು ದನ ಕುರಿ ಮೇಯಿಸುವ, ಗಾಲ್ಫ್ ಆಡುವ ಹಕ್ಕು ಹಾಗೇ ಉಳಿಯಿತು. 1797ರಲ್ಲಿ ಸಾಲಕ್ಕೆ ಸಿಕ್ಕ ಊರಿನ ಆಡಳಿತ ಈ ನೆಲವನ್ನು ಮಾರಿತು. ಅದು ಮೊಲದ ವ್ಯಾಪಾರಿಗಳ ಕೈಗೆ ಹೋಯಿತು. ಊರಿನವರು ವರ್ಷಗಟ್ಟಲೆ ಜಗಳವಾಡಿದರು, ಕೋರ್ಟಿಗೂ ಹೋದರು. 1821ರಲ್ಲಿ ಪಕ್ಕದ ಎಸ್ಟೇಟಿನ ಗಾಲ್ಫ್ ಪ್ರೇಮಿಯೊಬ್ಬ ಕೊಂಡ ಮೇಲೆ ಆಟಕ್ಕೆ ನೆಮ್ಮದಿ ಸಿಕ್ಕಿತು.

"ಗೋಮಾಳ ಕಣೋ ಇದು" ಅಂದಳು ಅಕ್ಕ.

ಗೋಮಾಳ. ನಮ್ಮೂರಿನ ಗೋಮಾಳ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ನೆನೆದೆ. ಇಲ್ಲಿ ಪ್ರಪಂಚದಲ್ಲೇ ಹೆಸರಾದ ಮೈದಾನ, ಒಂದು ಆಟಕ್ಕೆ 300 ಪೌಂಡು. ಆದರೂ ವಾರಕ್ಕೊಮ್ಮೆ ಅದರ ಮೇಲೆ ನಾಯಿ ಕರೆದುಕೊಂಡು ಓಡಾಡುವ ಹಕ್ಕನ್ನು ಈ ಜನ ಬಿಟ್ಟುಕೊಟ್ಟಿಲ್ಲ. ಸ್ಕಾಟ್ಲೆಂಡಿಗೆ ಗಾಲ್ಫ್ ಆಡಲು ಹೋಗುವವರು ಈ ಭಾನುವಾರವನ್ನು ಬೇಕೆಂದೇ ಪ್ಲಾನಿನಲ್ಲಿ ಇಟ್ಟುಕೊಳ್ಳಲಿ. ಏಜೆನ್ಸಿಯವರು ತಪ್ಪಿ ಹಾಕಿದ ದಿನವೇ ನಮಗೆ ಬೇಕಾದ ದಿನವಾಗಿತ್ತು.

ಹತ್ತಿರದಲ್ಲೇ ಹಿಮಾಲಯಾಸ್ ಎಂಬ ಹೆಸರಿನ ಪಟಿಂಗ್ ಮೈದಾನ ಇದೆ. ಉಬ್ಬು ತಗ್ಗು ಅಷ್ಟಿದೆ. 1867ರಲ್ಲಿ ಹೆಂಗಸರು ಕಟ್ಟಿದ ಕ್ಲಬ್ಬಿನದು. ಹೆಣ್ಣುಮಕ್ಕಳು ಭುಜಕ್ಕಿಂತ ಮೇಲೆ ಕೋಲು ಎತ್ತಿದರೆ ಚೆನ್ನಲ್ಲ ಎನ್ನುತ್ತಿದ್ದ ಕಾಲ ಅದು. ಪಕ್ಕದ ಹೆಸರಾಂತ ಆರ್ ಅಂಡ್ ಎ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಲು ತೀರ್ಮಾನಿಸಿದ್ದು 2014ರಲ್ಲಿ. ಕೆಲವೇ ಪೌಂಡ್ ಕೊಟ್ಟರೆ ಹಿಮಾಲಯಾಸ್‌ನಲ್ಲಿ ಯಾರು ಬೇಕಾದರೂ ಆಡಬಹುದು. ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕೆಳಗೆ ಶೂ ಹಾಕಿಕೊಂಡು ಹದಿನೆಂಟು ಹೋಲೂ ಆಡಿದಳು. ಅವಳ ಜೀವನದ ಮೊದಲ ಗಾಲ್ಫ್. ನಾಲ್ಕನೇ ಹೋಲಿನಲ್ಲಿ ನನ್ನನ್ನು ಸೋಲಿಸಿದಳು.

ಊಟದ್ದೂ ಒಂದು ಮಾತು. ಅಕ್ಕ ಪೂರ್ತಿ ಸಸ್ಯಾಹಾರಿ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಡಬ್ಬಿಗಟ್ಟಲೆ ತಂದಿದ್ದಳು. ಆದರೆ ಬೇಳೆ ಸೂಪು ಹೆಚ್ಚುಕಮ್ಮಿ ಎಲ್ಲ ಕಡೆ ಇತ್ತು. ಹ್ಯಾಗಿಸ್ ಎಂಬ ಅಲ್ಲಿನ ಮಾಂಸದ ಅಡುಗೆಗೆ ಓಟ್ಸ್, ಬೇಳೆ ಹಾಕಿದ ಸಸ್ಯಾಹಾರಿ ರೂಪವೂ ಸಿಗುತ್ತದೆ. ಮೆಣಸಿನ ಖಾರ ಇರುವುದರಿಂದ ನಮ್ಮ ನಾಲಿಗೆಗೆ ಹತ್ತಿರ.

ಕಲ್ಲೋಡನ್‌ಗೆ ಇನ್ವರ್ನೆಸ್‌ನಿಂದ ಬಸ್ಸಿನಲ್ಲಿ ಹೋದೆವು. ಬಯಲು. ಎರಡು ಸೈನ್ಯ ನಿಂತ ಸಾಲುಗಳಿಗೆ ಕೆಂಪು, ನೀಲಿ ಬಾವುಟ. ನಡುವೆ ಕುಲಗಳ ಹೆಸರು ಕೆತ್ತಿದ ಕಲ್ಲುಗಳು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಈ ಸೋಲಿನ ಮೇಲೆ ಗುಡ್ಡಗಾಡಿನ ಗಂಡಸರು ತಮ್ಮ ಉಡುಪು ಉಡುವುದನ್ನೇ ಕಾನೂನು ತಡೆಯಿತು. ಅದು ತೆರವಾದದ್ದು 1782ರಲ್ಲಿ. ಬ್ರಿಟಿಷ್ ಸೈನ್ಯ ಸೇರಿದವರಿಗೆ ಮಾತ್ರ ವಿನಾಯಿತಿ.

ಇಲ್ಲಿ ಅಕ್ಕ ತನ್ನ ಎರಡು ದಾರವನ್ನು ಗಂಟು ಹಾಕಿದಳು. ಚಾರ್ಲಿಯ ಪರ ಎದ್ದವರಲ್ಲಿ ಲಾರ್ಡ್ ಮೆಕ್ಲೌಡ್ ಎಂಬ ಹುಡುಗನೂ ಇದ್ದ. ಯುದ್ಧದ ಹಿಂದಿನ ದಿನ ಸೆರೆಸಿಕ್ಕ. ಕ್ಷಮೆ ಸಿಕ್ಕಿತು. ಸ್ವೀಡನ್ ಸೈನ್ಯದಲ್ಲಿ ಎಷ್ಟೋ ವರ್ಷ ದುಡಿದ. 1777ರಲ್ಲಿ ವಾಪಸ್ ಬಂದು, ಒಂದು ಕಾಲಕ್ಕೆ ತಾನು ಎದುರಿಸಿದ ರಾಜಮನೆತನಕ್ಕೇ ಗುಡ್ಡಗಾಡಿನವರ ಒಂದು ಹೈಲ್ಯಾಂಡರ್ ಪಡೆ ಕಟ್ಟಿಕೊಟ್ಟ. ಆ ಪಡೆ 1780ರಲ್ಲಿ ಮದರಾಸಿಗೆ ಬಂತು. ಅದರ ಕ್ಯಾಪ್ಟನ್‌ಗಳಲ್ಲಿ ಒಬ್ಬ ಡೇವಿಡ್ ಬೇರ್ಡ್.

"ದರಿಯಾ ದೌಲತ್ ಗೋಡೆ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆಯಲ್ಲ" ಅಂದಳು. "ಅದರಲ್ಲಿ ಕೆಂಪು ಕೋಟಿನವರು ಸುತ್ತುಗಟ್ಟಿ ನಿಂತಿದ್ದಾರಲ್ಲ. ಅವರಲ್ಲಿ ಕೆಲವರು ಈ ಕಡೆಯ ಹುಡುಗರು ಕಣೋ. ಇಲ್ಲಿ ಸೋತವರ ಮಕ್ಕಳು."

ಚಿಕ್ಕಂದಿನಿಂದ ಆ ಗೋಡೆ ನೋಡಿದ್ದೇನೆ. ಅವರಿಗೆ ಒಂದು ಊರಿತ್ತು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಕ್ರೀಫ್‌ಗೆ ರೈಲಿಲ್ಲ. ಪರ್ತ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಪರ್ತ್‌ನಲ್ಲಿ ಒಂದು ಗಂಟೆ ಕಾದೆವು. 1457ರಲ್ಲಿ ಬಿಲ್ಲುವಿದ್ಯೆಯ ಅಭ್ಯಾಸ ಕೆಡುತ್ತದೆ ಎಂದು ಎರಡನೇ ಜೇಮ್ಸ್ ರಾಜ ಗಾಲ್ಫನ್ನೇ ನಿಷೇಧ ಮಾಡಿದ್ದ. 1502ರಲ್ಲಿ ಅವನ ಮೊಮ್ಮಗ ನಾಲ್ಕನೇ ಜೇಮ್ಸ್ ಈ ಪರ್ತ್‌ನ ಬಿಲ್ಲು ಮಾಡುವವನಿಂದಲೇ ಗಾಲ್ಫ್ ಕೋಲು ಕೊಂಡ. ಬಸ್ ಸ್ಟಾಂಡಿನಲ್ಲಿ ಕೂತು ಇದನ್ನು ಮಾತಾಡಿಕೊಂಡೆವು.

ಫರ್ನ್‌ಟವರ್ ಮನೆ ಈಗ ಇಲ್ಲ. ಕೋರ್ಸು ಇಳಿಜಾರಿನಲ್ಲಿದೆ, ಕೆಳಗೆ ಕಣಿವೆ, ಆಚೆಗೆ ಬೆಟ್ಟಗಳು. ಫೀ ಓಲ್ಡ್ ಕೋರ್ಸಿನ ಒಂದು ಪಾಲು ಅಷ್ಟೇ. ಸಂಜೆ ಐದಕ್ಕೆ ಶುರುಮಾಡಿದೆವು. ಅಕ್ಕ ಜೊತೆಗೇ ನಡೆದಳು. ನಾನು ಅವತ್ತು ಚೆನ್ನಾಗಿ ಆಡಿದೆ. ಮಧ್ಯದಲ್ಲಿ ಒಂದು ಕಡೆ ಅವಳು ನಿಂತು ಬೇರ್ಡ್‌ನ ತಾಯಿಯ ಮಾತು ನೆನಪಿಸಿದಳು. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಬೇಡಿಯಲ್ಲಿ ಕಟ್ಟಿದ್ದಾರೆ ಎಂಬ ಸುದ್ದಿ ಬಂದಾಗ, ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿಯೇನು ಎಂದು ಆ ತಾಯಿ ಮರುಗಿದಳಂತೆ. ಮಗನ ಕೋಪ ಅವಳಿಗೆ ಗೊತ್ತಿತ್ತು.

ಮರುದಿನ ಕ್ರೀಫ್ ಮತ್ತು ಕಾಮ್ರಿ ನಡುವಿನ ಗುಡ್ಡ ಹತ್ತಿದೆವು. ಅಲ್ಲಿ ಅವನ ಹೆಂಡತಿ 1832ರಲ್ಲಿ ಎತ್ತಿಸಿದ ಎತ್ತರದ ಕಲ್ಲುಕಂಬ ಇದೆ. ಅಕ್ಕ ಏದುಸಿರು ಬಿಡುತ್ತಾ ಹತ್ತಿ, ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಅವನನ್ನು ಹೊಗಳುವ ಮನಸ್ಸು ನಮಗೆ ಬರಲಿಲ್ಲ. ಟಿಪ್ಪು ಸತ್ತ ಕೋಟೆಯ ಪಕ್ಕದವರು ನಾವು. ಆದರೆ ಇಪ್ಪತ್ತಮೂರರ ವಯಸ್ಸಿನಲ್ಲಿ ಗಾಯದ ಸಮೇತ ಬೇಡಿಯಲ್ಲಿದ್ದ ಹುಡುಗನನ್ನು ನೆನೆಯದೆ ಇರಲೂ ಆಗಲಿಲ್ಲ. ತುಂಬಾ ಹೊತ್ತು ಮೂವರೂ ಮಾತಾಡಲಿಲ್ಲ.

ವಾಪಸ್ ಬಂದ ಎರಡನೇ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆವು. ಗೆಳೆಯ ಹುಟ್ಟಿ ಬೆಳೆದದ್ದು ಹಾಸನದಲ್ಲಿ. ಮೈಸೂರಿಗೆ ಬಂದು ಇಷ್ಟು ವರ್ಷವಾದರೂ ಬೈಲಿ ಡಂಜನ್ ಒಳಗೆ ಕಾಲಿಟ್ಟಿರಲಿಲ್ಲ. ಮೆಟ್ಟಿಲು ಇಳಿದು ಒಳಗೆ ಹೋದ. ಗೋಡೆಯ ಕಲ್ಲುಗಳ ತೂತಿಗೆ ಒಂದೊಂದಾಗಿ ಬೆರಳು ಹಾಕಿ ನೋಡಿದ.

"ಅಕ್ಕಾ, ಬೇರ್ಡ್‌ನ ಕಟ್ಟಿದ್ದು ಯಾವುದಕ್ಕೆ?"

"ಅದು ಯಾರಿಗೂ ಗೊತ್ತಿಲ್ಲಪ್ಪ" ಅಂದಳು ಅಕ್ಕ.

ಅವನು ಮತ್ತೆ ಮೊದಲ ಕಲ್ಲಿನ ಹತ್ತಿರ ಹೋದ.